ನಾಲ್ಕು ಗಂಟೆಯ ಎಣಿಕೆ

ಫಿಲಡೆಲ್ಫಿಯಾ, ಕೆನ್ಸಿಂಗ್ಟನ್ ಬೀದಿ, ಹಳೆಯ ಕಾಲುಚೀಲದ ಕಾರ್ಖಾನೆ.
ಹೆಣೆಯುವ ಯಂತ್ರಗಳು ಹೋಗಿ ಎಷ್ಟೋ ಕಾಲ,
ನೆಲದ ಹಲಗೆಯ ಮೇಲೆ ಅವುಗಳ ಅಳತೆಗೆ
ಎಣ್ಣೆಯ ಕಲೆ ಮಾತ್ರ ಉಳಿದಿದೆ.
ಮೇಲ್ಸೇತುವೆಯ ರೈಲು ಹೋದಾಗಲೆಲ್ಲ
ಕಿಟಕಿಗಳು ಹಲ್ಲು ಕಡಿಯುತ್ತವೆ,
ಧ್ವನಿ ಹಿಡಿಯುವ ಹುಡುಗ ಗೊಣಗುತ್ತಾನೆ.

ಅರ್ನೆಟ್ಟ ಬಂದಳು. ಐವತ್ತೆಂಟು. ಮಂಡಿಗೆ ಪಟ್ಟಿ.
ಇಪ್ಪತ್ತಮೂರು ವರ್ಷ ಒಳಗಿದ್ದವಳು
ಬಾಗಿಲವರೆಗೆ ಬಂದು ನಿಂತಳು.
ತೆರೆದೇ ಇತ್ತು ಬಾಗಿಲು.
ಬಾ ಎಂದೆವು. ನಿಂತೇ ಇದ್ದಳು,
ಯಾರೋ ಎಲ್ಲೋ ಗುಂಡಿ ಒತ್ತಬೇಕು ಎಂಬಂತೆ.
ಆಮೇಲೆ ತನಗೇ ನಗು ಬಂದು
ಬಾಯಲ್ಲೇ ಗರ್ರ್ ಎಂದುಕೊಂಡು ದಾಟಿದಳು.

ಕ್ಯಾಮೆರಾ ನನ್ನದು. ಸಂಕಲನವೂ ನನ್ನದೇ,
ಬೇರೆಯವರಿಗೆ ಕೊಡಲು ದುಡ್ಡಿರಲಿಲ್ಲ.
"ಸೆರೆಹಿಡಿದೆಯಾ?" ಎಂದಳು ಸಿಯೋಮಾರಾ, ನಮ್ಮ ನಿರ್ದೇಶಕಿ.
ಆ ಪದ ಕೈಜಾರಿದ ತಟ್ಟೆಯ ಹಾಗೆ
ನೆಲದ ಮೇಲೆ ಸುತ್ತಿ ಸುತ್ತಿ ನಿಂತಿತು.
ಅಂದಿನಿಂದ ಬೇರೆ ಮಾತು:
ಸಿಕ್ಕಿತಾ? ಬಂತಾ?
ಬಂತು, ಎನ್ನುತ್ತಿದ್ದೆ ನಾನು, ಬಸ್ಸು ಬಂದಂತೆ.

ಎಣಿಕೆಯದೇ ಕಷ್ಟ.
ಕುಣಿತಕ್ಕೆ ಬೇಕಲ್ಲ, ಐದು, ಆರು, ಏಳು, ಎಂಟು,
ಸಿಯೋಮಾರಾ ಚಪ್ಪಾಳೆ ತಟ್ಟಿ ಶುರು ಮಾಡಿದರೆ
ಅರ್ನೆಟ್ಟಳ ಹೆಗಲು ಕಿವಿಯವರೆಗೆ ಏರುವುದು,
ಕೈ ಪಕ್ಕಕ್ಕೆ, ಕಣ್ಣು ಗೋಡೆಗೆ.
"ಎಣಿಸಬೇಡ," ಎಂದಳು ಮೂರನೆಯ ದಿನ,
"ದಿನಕ್ಕೆ ಐದು ಸಲ ಎಣಿಸಿದ್ದಾರೆ ನನ್ನನ್ನು.
ಒಮ್ಮೆಯೂ ಲೆಕ್ಕ ತಪ್ಪಲಿಲ್ಲ.
ಅಮ್ಮ ಸತ್ತ ದಿನವೂ ನಾನು ಒಂದೇ."

ಹಾಗಾದರೆ ಯಾವುದಕ್ಕೆ ಕುಣಿಯುವೆ?
ತಲೆಯ ಮೇಲಿನ ರೈಲಿಗೆ, ಎಂದಳು.
ಏಳು ನಿಮಿಷಕ್ಕೋ ಹನ್ನೆರಡಕ್ಕೋ ಬರುವ ರೈಲು,
ಒಮ್ಮೊಮ್ಮೆ ಬಾರದೆಯೂ ಇರುವ ರೈಲು.
ಕಾದೆವು. ಕಾಯುವುದರಲ್ಲಿ
ಅವಳ ಮುಂದೆ ನಾವೆಲ್ಲ ಎಳಸು.
ಬಂದಾಗ ನೆಲ ಮೊದಲು ಅವಳ ಹಿಮ್ಮಡಿಗೆ ಹೇಳುತ್ತಿತ್ತು,
ಹಿಮ್ಮಡಿಯಿಂದ ಮೇಲೆ, ಪಟ್ಟಿ ಕಟ್ಟಿದ ಮಂಡಿಯನ್ನು ಹಾದು,
ಸೊಂಟದಲ್ಲಿ ಸ್ವಲ್ಪ ತಡೆದು,
ಜೈಲಿನ ಲಾಂಡ್ರಿಯಲ್ಲಿ ಹೊದಿಕೆ ಮಡಿಸಿದ ಕೈ
ಗಾಳಿಯನ್ನು ಮಡಿಸತೊಡಗಿತು, ಅಂಚಿಗೆ ಅಂಚು ಕೂಡಿಸಿ,
ಮತ್ತೆ ಮಡಿಸಿ, ಮತ್ತೆ,
ಇನ್ನು ಮಡಿಸಲಾಗದಷ್ಟು ಚಿಕ್ಕದಾದಾಗ
ಒಂದೇ ಏಟಿಗೆ ಒದರಿದಳು.
ದೂಳೆದ್ದು ನನ್ನ ಲೆನ್ಸಿನ ಮೇಲೆ ಕೂತಿತು.
ಒರೆಸಲಿಲ್ಲ ನಾನು.

ಒಂದು ದಿನ ನಡುವೆಯೇ ನಿಂತುಬಿಟ್ಟಳು.
ಅವಳು ಗಡಿಯಾರ ನೋಡಿರಲಿಲ್ಲ. ನಾನು ನೋಡಿದೆ: ನಾಲ್ಕು.
ಹೊರಗೆ ಬಂದು ಹದಿನಾಲ್ಕು ತಿಂಗಳು,
ಮೈಯೊಳಗಿನ ಓಣಿಯಲ್ಲಿ ಇನ್ನೂ
ಯಾರೋ ಬೂಟು ಹಾಕಿಕೊಂಡು ಬರುತ್ತಿದ್ದರು.
ರೈಲು ಬಂತು, ಹೋಯಿತು. ಅಲುಗಲಿಲ್ಲ.
ಕ್ಯಾಮೆರಾ ನಿಲ್ಲಿಸಬಹುದಿತ್ತು. ನಿಲ್ಲಿಸಬೇಕಿತ್ತೇನೋ.
ಇವತ್ತಿಗೂ ಅದು ನನಗೆ ಬಗೆಹರಿದಿಲ್ಲ.
ನಾಲ್ಕು ನಿಮಿಷ, ಹನ್ನೊಂದು ಸೆಕೆಂಡು.
ಕೊನೆಗೆ ಬಲಗೈಯ ಕಿರುಬೆರಳು
ಪ್ಯಾಂಟಿನ ಹೊಲಿಗೆಯ ಮೇಲೆ ತುಸು ತಟ್ಟಿತು.

ಹಣ ಕೊಟ್ಟವರು ನೋಡಿದರು. ಚೆನ್ನಾಗಿದೆ ಎಂದರು,
ಆದರೆ ಆ ನಿಂತದ್ದು ಉದ್ದವಾಯಿತು,
ಮೂವತ್ತು ಸೆಕೆಂಡು ಸಾಲದೇ?

ಅರ್ನೆಟ್ಟಳನ್ನೇ ಕರೆದು ತೋರಿಸಿದೆ.
ಕತ್ತಲು ಮಾಡಿದ ಕೋಣೆ. ಪರದೆಯಲ್ಲಿ ಅವಳು,
ಕುರ್ಚಿಯಲ್ಲಿ ಅವಳು, ತೊಡೆಯ ಮೇಲೆ ಚಿಪ್ಸಿನ ಪೊಟ್ಟಣ.
"ಅಷ್ಟು ವರ್ಷದಲ್ಲಿ ಮೂವತ್ತು ಸೆಕೆಂಡನ್ನೂ
ಯಾರೂ ನನಗೆ ಕತ್ತರಿಸಿ ಕೊಡಲಿಲ್ಲ," ಎಂದಳು.

ಆಮೇಲೆ ಅಗಿಯುವುದನ್ನು ನಿಲ್ಲಿಸಿ
ಪರದೆಯತ್ತ ಬಾಗಿದಳು.
"ಆ ಬೆರಳು ನೋಡು. ನನಗೇ ಗೊತ್ತಿರಲಿಲ್ಲ.
ಇವಳು ಆಗಲೇ ಹೊರಟುಬಿಟ್ಟಿದ್ದಾಳೆ.

ಇನ್ನೊಮ್ಮೆ ಹಾಕು."